ವಾಹನದ ಹಣೆಬರಹವನ್ನು ನಾವೇ ಬರೆದುಕೊಳ್ಳಬಹುದೇ?

ಮುಂಬಯಿಯ ಯಾವುದಾದರೊಂದು ದೊಡ್ಡ ಸಿಗ್ನಲಿನ ಬಳಿ ಐದು ನಿಮಿಷ ನಿಂತು, ಮುಂದಿರುವ ವಾಹನಗಳ ಬೆನ್ನನ್ನು ಗಮನಿಸಿದರೆ ನಮ್ಮ ಜನರ ಕಲ್ಪನಾಶಕ್ತಿಯ ಪರಿಚಯ ತಾನಾಗಿಯೇ ಆಗುತ್ತದೆ. ಒಂದು ಕಾರಿನ ಮೇಲೆ 8055 ಎಂಬ ಸಂಖ್ಯೆಯನ್ನು ಆಂಗ್ಲ ಭಾಷೆಯ ‘ಬಾಸ್’ ಎಂದು ಓದಿಕೊಳ್ಳುವಂತೆ ತಿದ್ದಿರುತ್ತಾರೆ. ಇನ್ನೊಂದರಲ್ಲಿ 4141 ಎಂಬುದು ಮರಾಠಿಯ ‘ದಾದಾ’ ಆಗಿರುತ್ತದೆ, 214 ‘ರಾಮ’ನಾಗಿರುತ್ತಾನೆ. ಮತ್ತೊಂದು ಮೋಟಾರ್ ಸೈಕಲ್ಲಿನಲ್ಲಿ ಹುಲಿಯ ಮುಖ ಅಂಗೈಯಗಲ, ನೋಂದಣಿ ಸಂಖ್ಯೆ ಮಾತ್ರ ಕಡಲೆಕಾಳಿನಷ್ಟು. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹಳದಿ ಕೆಂಪು ಪಟ್ಟಿಯ ನಡುವೆ ಸುಂದರವಾದ ಕನ್ನಡ ಅಂಕಿಗಳಲ್ಲಿ ಸಂಖ್ಯೆಯನ್ನು ಬರೆಯಿಸಿಕೊಂಡ ವಾಹನವನ್ನು ಪರನಾಡಿನ ರಸ್ತೆಯಲ್ಲಿ ಕಂಡಾಗ ಮನಸ್ಸು ಅರಳುವುದು ಸಹಜ.

ಆದರೆ ಇದಕ್ಕೆಲ್ಲ ಕಾನೂನಿನ ಸಮ್ಮತಿ ಇದೆಯೇ? ಬ್ಯಾಂಕಿನ ವಾಹನ ಸಾಲದ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದವನೆಂಬ ಕಾರಣದಿಂದ ಸಂಘದ ಮಿತ್ರರು ಈ ಪ್ರಶ್ನೆಯನ್ನು ನನಗೆ ಆಗಾಗ ಕೇಳುವುದುಂಟು. ನಾನು ವಾಣಿಜ್ಯ ಶಾಸ್ತ್ರದ ಪದವೀಧರನೇ ಹೊರತು ವಕೀಲನಲ್ಲ. ಆದರೂ ಸಾಲದ ಕಾಗದಪತ್ರಗಳ ಸಲುವಾಗಿ ಓದಲೇಬೇಕಾದ ಕಾಯಿದೆಯ ಭಾಗಗಳನ್ನು ಆಧರಿಸಿ, ಸಾಧ್ಯವಾದಷ್ಟು ಸರಳವಾಗಿ ವಿಷಯವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಂಖ್ಯೆ ಬೇರೆ, ಸಂಖ್ಯೆಯನ್ನು ಪ್ರದರ್ಶಿಸುವ ರೀತಿ ಬೇರೆ. ತನಗೆ ಇಷ್ಟವಾದ ಸಂಖ್ಯೆಯನ್ನು ಪಡೆಯುವುದು ಅಪರಾಧವಲ್ಲ. ನಿಗದಿಪಡಿಸಿದ ಶುಲ್ಕವನ್ನು ತೆತ್ತು, ಇಲ್ಲವೇ ಹರಾಜಿನಲ್ಲಿ ಪೈಪೋಟಿ ಮಾಡಿ 1 ಅಥವಾ 9999 ಎಂಬ ಸಂಖ್ಯೆಯನ್ನು ಪಡೆಯಲು ನಮ್ಮ ರಾಜ್ಯ ಸರ್ಕಾರಗಳೇ ಅವಕಾಶ ಕಲ್ಪಿಸಿವೆ; ಅದರಿಂದ ಬೊಕ್ಕಸಕ್ಕೆ ಆದಾಯವೂ ಇದೆ. 8055 ಎಂಬ ಸಂಖ್ಯೆ ಕ್ರಮವಾಗಿ ದೊರೆತಿದ್ದರೆ ಅದನ್ನು ಹೊಂದಿರುವವನ ಮೇಲೆ ಯಾರೂ ಆಕ್ಷೇಪಿಸುವಂತಿಲ್ಲ. ಆ ಅಂಕಿಗಳನ್ನು ಅಕ್ಷರಗಳಂತೆ ತಿರುಚಿ ಬರೆದಾಗಲೇ ತಪ್ಪು ಆರಂಭವಾಗುವುದು.

ಬ್ಯಾಂಕಿನವನಾದ ನನಗೆ ಇದನ್ನು ಚೆಕ್ಕಿನ ಉದಾಹರಣೆಯಿಂದ ಹೇಳುವುದು ಸುಲಭ. ಚೆಕ್ಕಿನ ಮೇಲಿನ ರುಜು ಖಾತೆದಾರನದು. ಅದನ್ನು ಎಷ್ಟು ಸುಳಿ ಹಾಕಿ ಬರೆದರೂ ನಮ್ಮ ತಕರಾರಿಲ್ಲ. ಆದರೆ ಚೆಕ್ಕಿನ ತಳದಲ್ಲಿ ಅಯಸ್ಕಾಂತೀಯ ಮಸಿಯಲ್ಲಿ ಅಚ್ಚಾದ ಅಂಕಿಗಳಿರುವ ಬಿಳಿಯ ಪಟ್ಟಿ ಇದೆಯಲ್ಲ, ಅದರ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು. ಯಂತ್ರವೂ ಗುಮಾಸ್ತನೂ ಒಂದೇ ರೀತಿಯಲ್ಲಿ ಓದಬೇಕಾದ ಪಟ್ಟಿ ಅದು. ವಾಹನದ ನಂಬರ್ ಪ್ಲೇಟು ಅಂತಹ ಪಟ್ಟಿ. ವಾಹನ ನಮ್ಮದೇ, ಆ ಫಲಕದ ಮೇಲಿನ ಬರಹ ಮಾತ್ರ ಸಾರ್ವಜನಿಕರ ಸ್ವತ್ತು.

ವಾಹನಕ್ಕೆ ಸಂಖ್ಯೆ ಹಚ್ಚುವ ಪದ್ಧತಿ ಮೋಟಾರಿನಷ್ಟೇ ಹಳೆಯದು. ಪ್ಯಾರಿಸ್ ನಗರದ ಪೊಲೀಸರು 1893ರಲ್ಲಿಯೇ ಇದನ್ನು ಕಡ್ಡಾಯಗೊಳಿಸಿದರು. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ಇದು ಜಾರಿಗೆ ಬಂದಿತು. ನಮ್ಮಲ್ಲಿ 1939ರ ಮೋಟಾರು ವಾಹನಗಳ ಕಾಯಿದೆಯ ಕಾಲದಲ್ಲಿ ಮೈಸೂರಿನ ವಾಹನಗಳು ‘ಎಂ.ವೈ.’ ಎಂಬ ಅಕ್ಷರಗಳನ್ನು ಹೊತ್ತು ತಿರುಗುತ್ತಿದ್ದುದನ್ನು ಹಿರಿಯರು ಬಲ್ಲರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ತರುವಾಯ ‘ಸಿ.ಎ.’ ಮೊದಲಾದ ಅಕ್ಷರಗಳು ಬಳಕೆಗೆ ಬಂದವು. 1988ರ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಯಾದ ಮೇಲೆಯೇ ಇಂದಿನ ‘ಕೆ.ಎ.’, ‘ಎಂ.ಎಚ್.’ ಪದ್ಧತಿ ನೆಲೆಗೊಂಡಿತು. ಮಂಗಳೂರಿನ 19, ಉಡುಪಿಯ 20, ಬೆಳಗಾವಿಯ 22, ಧಾರವಾಡದ 25 ಎಂಬ ಸಂಖ್ಯೆಗಳನ್ನು ಇಲ್ಲಿಯ ರಸ್ತೆಯಲ್ಲಿ ಕಂಡು, ಹಾರ್ನ್ ಬಾರಿಸಿ ಕೈ ಬೀಸುವ ನಮ್ಮವರ ಸಂತೋಷಕ್ಕೂ ಆ ಕಾಯಿದೆಯೇ ಕಾರಣವೆನ್ನಬೇಕು.

ಆ ಕಾಯಿದೆಯ 39ನೆಯ ಕಲಮಿನ ಪ್ರಕಾರ, ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು; ನೋಂದಣಿಯಾಗಿದ್ದರೆ ಮಾತ್ರ ಸಾಲದು, ನೋಂದಣಿ ಗುರುತನ್ನು ಗೊತ್ತುಪಡಿಸಿದ ರೀತಿಯಲ್ಲಿಯೇ ಪ್ರದರ್ಶಿಸಿರಬೇಕು. ಆ ರೀತಿ ಯಾವುದೆಂಬುದನ್ನು ಕೇಂದ್ರ ಸರ್ಕಾರವೇ ನಿರ್ಣಯಿಸತಕ್ಕದ್ದೆಂದು 41ನೆಯ ಕಲಮು ಹೇಳುತ್ತದೆ. ಅದಕ್ಕನುಸಾರವಾಗಿ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 50 ಮತ್ತು 51ನೆಯ ನಿಯಮಗಳು ಅಕ್ಷರದ ಎತ್ತರ, ದಪ್ಪ, ನಡುವಿನ ಅಂತರಗಳನ್ನು ಮಿಲಿಮೀಟರುಗಳಲ್ಲಿ ಅಳೆದುಕೊಟ್ಟಿವೆ. ಕಾರಿನಲ್ಲಿ ಅಕ್ಷರವೂ ಅಂಕಿಯೂ 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ ಇರಬೇಕು, ಒಂದಕ್ಕೊಂದರ ನಡುವೆ 10 ಮಿ.ಮೀ. ಜಾಗ ಬಿಡಬೇಕು. ದ್ವಿಚಕ್ರ ವಾಹನದ ಹಿಂಬದಿಯಲ್ಲಿ ಅಕ್ಷರಗಳು 35, ಅಂಕಿಗಳು 40 ಮಿ.ಮೀ. ಸ್ವಂತದ ವಾಹನಕ್ಕೆ ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಬರಹ, ಬಾಡಿಗೆಯ ವಾಹನಕ್ಕೆ ಹಳದಿಯ ಮೇಲೆ ಕಪ್ಪು, ವಿದ್ಯುತ್ತಿನಿಂದ ಓಡುವ ವಾಹನಕ್ಕೆ ಹಸಿರು ಹಿನ್ನೆಲೆ. ಬಣ್ಣಗಳಲ್ಲಿಯೂ ಆಯ್ಕೆಗೆ ಆಸ್ಪದವಿಲ್ಲ.

ಇನ್ನು ನಮ್ಮ ಮನಸ್ಸಿಗೆ ಹತ್ತಿರವಾದ ಕನ್ನಡ ಅಂಕಿಗಳ ವಿಚಾರ. ಅಕ್ಷರಗಳು ಆಂಗ್ಲ ಲಿಪಿಯಲ್ಲಿಯೂ ಅಂಕಿಗಳು ಅರಬ್ಬೀ ರೂಪದಲ್ಲಿಯೂ ಇರತಕ್ಕದ್ದೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಇದು ಮುಂಬಯಿಗೆ ಎಷ್ಟು ಅನ್ವಯಿಸುತ್ತದೆಯೋ ಬೆಂಗಳೂರಿಗೂ ಅಷ್ಟೇ ಅನ್ವಯಿಸುತ್ತದೆ. ದೇವನಾಗರಿಯಲ್ಲಿ ಬರೆಯಿಸುವ ಮರಾಠಿ ಮಿತ್ರರಿಗೂ ರಿಯಾಯಿತಿಯಿಲ್ಲ. (ಅರಬ್ಬೀ ಎನಿಸಿಕೊಂಡ ಈ ಅಂಕಿಗಳನ್ನು ನಮ್ಮ ಸಂವಿಧಾನ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದು ಕರೆದಿದೆ. ಆದುದರಿಂದ ಅವುಗಳನ್ನು ಬಳಸುವುದರಲ್ಲಿ ಪರಕೀಯತೆಯ ಮುಜುಗರಕ್ಕೆ ಕಾರಣವಿಲ್ಲ.) ಭಾಷಾಭಿಮಾನದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಮಕ್ಕಳಿಗೆ ಕನ್ನಡ ಕಲಿಸಲು ಸಂಘದ ಭಾನುವಾರದ ತರಗತಿಗೆ ನಾಲ್ಕು ಲೋಕಲ್ ನಿಲ್ದಾಣ ದಾಟಿ ಬಂದ ದಿನಗಳಿವೆ. ಆದರೂ ಈ ವಿಷಯದಲ್ಲಿ ನಿಯಮದ ಪಕ್ಷವನ್ನೇ ನಾನು ವಹಿಸುತ್ತೇನೆ. ನಮ್ಮ ‘೧’ ಕನ್ನಡ ತಿಳಿಯದವನ ಕಣ್ಣಿಗೆ ಸೊನ್ನೆಯಂತೆ ಕಾಣುತ್ತದೆ; ‘೪’ ಎಂಟರಂತೆ ಕಾಣುತ್ತದೆ. ಮರಾಠಿಯ ಒಂದನ್ನು ನಮ್ಮವರೇ ಎಷ್ಟೋ ಜನ ಒಂಬತ್ತೆಂದು ಓದುತ್ತಾರೆ. ಕನ್ನಡದ ಹೆಮ್ಮೆಗೆ ಕಾರಿನಲ್ಲಿ ಬೇರೆ ಜಾಗ ಬೇಕಾದಷ್ಟಿದೆ. ಈ ಅರ್ಧ ಅಡಿಯ ತಗಡನ್ನು ಬಿಟ್ಟುಬಿಡೋಣ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆ ಏಳಬಹುದು. ದಂಡದ ಮೊತ್ತವನ್ನು ನೋಡಿದರೆ ಸರ್ಕಾರವೂ ಇದನ್ನು ಚಿಕ್ಕದೆಂದೇ ಎಣಿಸಿದಂತೆ ತೋರುತ್ತದೆ. ಸಾಮಾನ್ಯ ಉಲ್ಲಂಘನೆಗೆ ಸಂಬಂಧಿಸಿದ 177ನೆಯ ಕಲಮಿನಲ್ಲಿ, 2019ರ ತಿದ್ದುಪಡಿಯ ನಂತರವೂ ಮೊದಲ ಸಲ 500 ರೂ., ಆಮೇಲೆ 1,500 ರೂ. ವರೆಗೆ ದಂಡವಿದೆ, ಅಷ್ಟೆ. ಆದರೆ ಈ ಫಲಕದ ನಿಜವಾದ ಬೆಲೆ ತಿಳಿಯುವುದು ಪೊಲೀಸರ ರಸೀತಿಯಿಂದಲ್ಲ, ಅಪಘಾತದ ಲೆಕ್ಕದಿಂದ. ಈ ಸಂಚಿಕೆಯಲ್ಲಿ ವೈದ್ಯ ಮಿತ್ರರು ದೇಹದ ಆರೋಗ್ಯದ ಬಗ್ಗೆ ಬರೆಯುತ್ತಿರುವಾಗ, ಪೆಟ್ಟು ಬಿದ್ದ ಕುಟುಂಬದ ಹಣಕಾಸಿನ ಆರೋಗ್ಯದ ಬಗ್ಗೆ ಒಂದು ಲೆಕ್ಕವನ್ನು ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

38 ವರ್ಷದ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಖಾಸಗಿ ಸಂಸ್ಥೆಯಲ್ಲಿ ತಿಂಗಳಿಗೆ 30,000 ರೂ. ನಿಗದಿತ ಸಂಬಳ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಹೀಗೆ ನಾಲ್ವರು ಅವಲಂಬಿತರು. ಸಂಜೆ ರೈಲಿಳಿದು ಮನೆಗೆ ನಡೆದು ಹೋಗುತ್ತಿರುವಾಗ ಒಂದು ವಾಹನ ಗುದ್ದಿ ಅವನು ತೀರಿಕೊಂಡ. ವಾಹನ ನಿಲ್ಲದೆ ಹೋಯಿತು. ದಾರಿಯಲ್ಲಿದ್ದ ಯಾರಾದರೊಬ್ಬರು ಅದರ ಸಂಖ್ಯೆಯನ್ನು ಓದಿಕೊಂಡರೆಂದು ಇಟ್ಟುಕೊಳ್ಳೋಣ. ವಾಹನದ ಮಾಲೀಕನೂ ಅವನ ವಿಮಾ ಕಂಪನಿಯೂ ಪತ್ತೆಯಾಗುತ್ತಾರೆ. ಕುಟುಂಬವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಲೆಕ್ಕ ಹೀಗಾಗುತ್ತದೆ: ವಾರ್ಷಿಕ ಆದಾಯ 3,60,000 ರೂ.; ನಲವತ್ತರೊಳಗಿನ ನಿಗದಿತ ಸಂಬಳದವನಾದುದರಿಂದ ಭವಿಷ್ಯದ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ 5,04,000; ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 3,78,000; 36ರಿಂದ 40 ವಯಸ್ಸಿನವರಿಗೆ ಗೊತ್ತುಪಡಿಸಿದ ಗುಣಕ 15. ಗುಣಿಸಿದರೆ 56,70,000 ರೂ. ಅಂತ್ಯಕ್ರಿಯೆ ಮುಂತಾದವುಗಳ ಮೊತ್ತ ಇದಕ್ಕೆ ಹೊರತು. ಮೂರನೆಯ ವ್ಯಕ್ತಿಯ ವಿಮೆ ಚಾಲ್ತಿಯಲ್ಲಿದ್ದರೆ, ಸಾಮಾನ್ಯವಾಗಿ ಈ ಹಣವನ್ನು ವಿಮಾ ಕಂಪನಿಯೇ ತುಂಬಿಕೊಡಬೇಕಾಗುತ್ತದೆ.

ಈಗ ಅದೇ ವಾಹನದ ಸಂಖ್ಯೆಯನ್ನು ಯಾರೂ ಓದಲಾಗಲಿಲ್ಲವೆಂದು ಇಟ್ಟುಕೊಳ್ಳೋಣ. ಫಲಕದ ಮೇಲೆ ಹೊಗೆಬಣ್ಣದ ಪ್ಲಾಸ್ಟಿಕ್ ಹೊದಿಕೆ ಇತ್ತು, ಇಲ್ಲವೇ ಅಂಕಿಗಳು ಹೂಬಳ್ಳಿಯಂತೆ ಸುರುಳಿ ಸುತ್ತಿಕೊಂಡಿದ್ದವು. ಆಗ ಅದು ‘ಗುದ್ದಿ ಓಡಿದ’ ಪ್ರಕರಣವಾಗುತ್ತದೆ. ಕಾಯಿದೆಯ 161ನೆಯ ಕಲಮಿನಂತೆ, ಪತ್ತೆಯಾಗದ ವಾಹನದಿಂದ ಸಾವು ಸಂಭವಿಸಿದರೆ ಕುಟುಂಬಕ್ಕೆ 2,00,000 ರೂ., ತೀವ್ರ ಗಾಯವಾದರೆ 50,000 ರೂ. ದೊರೆಯುತ್ತದೆ. 2022ರ ಏಪ್ರಿಲ್ 1ಕ್ಕೆ ಮುಂಚೆ ಇದೂ ಇರಲಿಲ್ಲ. ಸಾವಿಗೆ 25,000, ಗಾಯಕ್ಕೆ 12,500 ಮಾತ್ರ ಇತ್ತು. ಅದೇ ರಸ್ತೆ, ಅದೇ ಸಾವು. ಒಂದು ಕಡೆ 56,70,000. ಇನ್ನೊಂದು ಕಡೆ 2,00,000. ನಡುವಿನ 54,70,000 ರೂಪಾಯಿಗಳು ನಿಂತಿರುವುದು ದಾರಿಹೋಕನೊಬ್ಬ ಎರಡು ಮೂರು ಸೆಕೆಂಡಿನಲ್ಲಿ ನಾಲ್ಕು ಅಂಕಿಗಳನ್ನು ಓದಬಲ್ಲನೇ ಎಂಬುದರ ಮೇಲೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1,50,000 ರೂ. ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ, ಅದು ಸ್ವಾಗತಾರ್ಹ. ಆದರೆ ಅದು ಆಸ್ಪತ್ರೆಯ ಬಿಲ್ಲಿಗೆ. ಮಕ್ಕಳ ಶಾಲೆಯ ಫೀಸಿಗಲ್ಲ.

ಓಡಿಹೋಗುವ ಉದ್ದೇಶವಿಟ್ಟುಕೊಂಡು ಯಾರೂ ಫ್ಯಾನ್ಸಿ ಪ್ಲೇಟು ಹಾಕಿಸುವುದಿಲ್ಲ, ನಿಜ. ಆದರೆ ವಾಹನವನ್ನು ಸದಾ ಮಾಲೀಕನೇ ಓಡಿಸುವುದಿಲ್ಲವಲ್ಲ. ಮಗನ ಸ್ನೇಹಿತ, ಕೂಲಿಯ ಚಾಲಕ, ಕದ್ದೊಯ್ದವನು, ಇವರೆಲ್ಲರ ಕೈಗೂ ಅದು ಸಿಗಬಹುದು. ಮೇಲಾಗಿ ಗುದ್ದಿಸಿಕೊಳ್ಳುವವರು ನಾವೇ ಆಗಿರಬಹುದು.

ರಸ್ತೆಬದಿಯ ರೇಡಿಯಂ ಅಂಗಡಿಗಳಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಯುಗ ಕಾನೂನಿನ ದೃಷ್ಟಿಯಿಂದ ಮುಗಿದಿದೆ. ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಲ್ಲರ ಬಾಯಲ್ಲಿರುವ ‘ಎಚ್.ಎಸ್.ಆರ್.ಪಿ.’ಯನ್ನು 2001ರಲ್ಲಿಯೇ ನಿಯಮಾವಳಿಗೆ ಸೇರಿಸಲಾಯಿತು. ಅದರ ಗುತ್ತಿಗೆಯ ಷರತ್ತುಗಳನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತಳ್ಳಿಹಾಕಿತು. ರಾಜ್ಯಗಳು ಮೀನಮೇಷ ಎಣಿಸುತ್ತಿದ್ದುದನ್ನು ಕಂಡು ಮತ್ತೆ ಮತ್ತೆ ತಾಕೀತು ಮಾಡಿತು. 2019ರ ಏಪ್ರಿಲ್ 1ರಿಂದ ತಯಾರಾದ ಹೊಸ ವಾಹನಗಳಿಗೆ ಈ ಫಲಕವನ್ನು ತಯಾರಕರೇ ಒದಗಿಸುತ್ತಾರೆ. ಹಳೆಯ ವಾಹನಗಳ ಸಲುವಾಗಿ ಕರ್ನಾಟಕವು 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತು. ಮಹಾರಾಷ್ಟ್ರವು 2025ರ ಮಾರ್ಚ್ 31ರ ಗಡುವನ್ನು ವಿಧಿಸಿತು. ಎರಡೂ ಕಡೆ ಗಡುವು ಎಷ್ಟು ಸಲ ಮುಂದಕ್ಕೆ ಹೋಯಿತೆಂದರೆ, ಜನ ಅದನ್ನು ಗಡುವೆಂದು ನಂಬುವುದನ್ನೇ ಬಿಟ್ಟರು. ಇದು ಆಡಳಿತಕ್ಕೆ ಶೋಭೆ ತರುವ ಸಂಗತಿಯಲ್ಲ.

ಈ ಫಲಕದಲ್ಲಿ ಏನು ವಿಶೇಷ? 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು; ಬೆಳಕು ಬಿದ್ದರೆ ಹಿಂದಿರುಗಿಸುವ ಮೇಲ್ಮೈ; ಎಡ ಮೇಲ್ತುದಿಯಲ್ಲಿ ಅಶೋಕ ಚಕ್ರವುಳ್ಳ 20 ಮಿ.ಮೀ. ಚೌಕದ ಕ್ರೋಮಿಯಂ ಹಾಲೊಗ್ರಾಮ್. ಅದರ ಕೆಳಗೆ ನೀಲಿಯಲ್ಲಿ ದೇಶದ ಹೆಸರಿನ ಮೂರು ಆಂಗ್ಲ ಅಕ್ಷರಗಳು. ಲೇಸರ್ ಕಿರಣದಿಂದ ಕೊರೆದ ಕ್ರಮಸಂಖ್ಯೆ. ಉಬ್ಬಿಸಿ ಅಚ್ಚೊತ್ತಿದ ಅಕ್ಷರಗಳ ಮೇಲೆ 45 ಡಿಗ್ರಿ ಓರೆಯಾಗಿ ದೇಶದ ಹೆಸರು. ಒಮ್ಮೆ ಕೂಡಿಸಿದರೆ ಮುರಿಯದೆ ತೆಗೆಯಲಾಗದ ಬೀಗದಿಂದ ಇದನ್ನು ಬಿಗಿಯುತ್ತಾರೆ. ಲೇಸರ್ ಸಂಖ್ಯೆಯು ಎಂಜಿನ್ ಮತ್ತು ಚಾಸಿ ಸಂಖ್ಯೆಗಳೊಡನೆ ಸರ್ಕಾರದ ‘ವಾಹನ್’ ದಾಖಲೆಯಲ್ಲಿ ಜೋಡಣೆಯಾಗಿರುತ್ತದೆ. ಅಂದಮೇಲೆ ಇದಕ್ಕೆ ಬಣ್ಣ ಬಳಿಯುವುದು, ತೂತು ಕೊರೆಯುವುದು, ಮೇಲೆ ದೇವರ ಚಿತ್ರ ಅಂಟಿಸುವುದು ಯಾವುದೂ ಸಲ್ಲದು. ನೋಡಲು ಹೀಗೆಯೇ ಇರುವ ನಕಲಿ ತಗಡುಗಳೂ ಪೇಟೆಯಲ್ಲಿ ಸಿಗುತ್ತವೆ. ದಾಖಲೆಯಲ್ಲಿಲ್ಲದ ಸಂಖ್ಯೆಯ ಆ ತಗಡು ಬರಿಯ ತಗಡೇ. ಇನ್ನೊಂದು ಎಚ್ಚರಿಕೆಯನ್ನು ಬ್ಯಾಂಕಿನವನಾಗಿ ಹೇಳಲೇಬೇಕು. ಫಲಕದ ಶುಲ್ಕವನ್ನು ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಕಟ್ಟುವಾಗ ಸಾರಿಗೆ ಇಲಾಖೆಯ ಅಧಿಕೃತ ತಾಣದ ಮೂಲಕವೇ ಒಳಹೊಗಬೇಕು. ಅದೇ ಹೆಸರಿನ ನಕಲಿ ತಾಣಗಳಲ್ಲಿ ಹಣ ಕಳೆದುಕೊಂಡವರು ಬೆಂಗಳೂರಿನಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ.

ರಸ್ತೆಗಳಲ್ಲಿ ಕ್ಯಾಮರಾಗಳು ಬಂದ ಮೇಲೆ ಸಂಖ್ಯೆಯನ್ನು ಮರೆಮಾಡುವ ಚಪಲ ಹೆಚ್ಚಿದೆ. ತಗಡನ್ನು ಮೇಲಕ್ಕೆ ಬಗ್ಗಿಸುವವರು, ಒಂದು ಅಂಕಿಗೆ ಕೆಸರು ಮೆತ್ತುವವರು, 3ನ್ನು 8 ಮಾಡುವವರು ಎಲ್ಲರೂ ಇದ್ದಾರೆ. ಇದರ ಫಲವನ್ನು ಉಣ್ಣುವವನು ಎಲ್ಲಿಯೋ ಕುಳಿತಿರುವ ನಿರಪರಾಧಿ. ಡೊಂಬಿವಲಿಯ ಕಟ್ಟಡದ ಕೆಳಗೆ ನಿಂತೇ ಇದ್ದ ಸ್ಕೂಟರಿನ ಒಡೆಯನಿಗೆ ಪುಣೆಯ ರಸ್ತೆಯ ದಂಡದ ಸಂದೇಶ ಬಂದರೆ ಅವನು ಏನು ಮಾಡಬೇಕು? ಸುಮ್ಮನೆ ಹಣ ಕಟ್ಟಿ ಕೈತೊಳೆದುಕೊಳ್ಳುವುದು ಜಾಣತನವಲ್ಲ. ಚಲನ್ನಿನ ಜೊತೆಗಿರುವ ಛಾಯಾಚಿತ್ರವನ್ನು ತನ್ನ ವಾಹನದೊಡನೆ ಹೋಲಿಸಿ, ಬಣ್ಣ, ಮಾದರಿಗಳ ವ್ಯತ್ಯಾಸವನ್ನು ತೋರಿಸಿ ಸಂಚಾರ ಪೊಲೀಸರಿಗೆ ಲಿಖಿತ ದೂರು ಕೊಡಬೇಕು. ಅವನ ಸಂಖ್ಯೆಯನ್ನು ಬೇರೊಬ್ಬನು ಬಳಸುತ್ತಿದ್ದರೆ, ಅದು 500 ರೂಪಾಯಿಯ ವಿಷಯವಾಗಿ ಉಳಿಯುವುದಿಲ್ಲ. ನಕಲು ಸೃಷ್ಟಿಯ, ವಂಚನೆಯ ಅಪರಾಧವಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಅಲ್ಲಿ ತಮ್ಮ ಹೆಸರನ್ನೇ ಫಲಕದ ಮೇಲೆ ಹಾಕಿಸಿಕೊಳ್ಳಬಹುದೆಂದು ಹೇಳುವುದನ್ನು ಕೇಳಿರಬಹುದು. ಅದು ದಿಟ, ಆದರೆ ಅಲ್ಲಿಯೂ ಆ ಹೆಸರನ್ನು ಮಂಜೂರು ಮಾಡುವುದು, ಫಲಕವನ್ನು ಕೊಡುವುದು ಸರ್ಕಾರವೇ. ಬ್ರಿಟನ್ನಿನಲ್ಲಿ ಸಂಖ್ಯೆಗಳನ್ನು ಸರ್ಕಾರವೇ ಮಾರುತ್ತದೆ. ಅಕ್ಷರಗಳ ಅಂತರ ತಪ್ಪಿಸಿದರೆ 1,000 ಪೌಂಡುಗಳವರೆಗೆ ದಂಡ ವಿಧಿಸುತ್ತದೆ.

ಪರನಾಡಿನಲ್ಲಿರುವ ನಮಗೆ ಇನ್ನೊಂದು ಪ್ರಶ್ನೆ ಅಂಟಿಕೊಂಡೇ ಬರುತ್ತದೆ. ಊರಿನಿಂದ ತಂದ ‘ಕೆ.ಎ.’ ವಾಹನವನ್ನು ಇಲ್ಲಿ ಎಷ್ಟು ದಿನ ಇಟ್ಟುಕೊಳ್ಳಬಹುದು? 47ನೆಯ ಕಲಮಿನ ಪ್ರಕಾರ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟರೆ ಆ ರಾಜ್ಯದ ಹೊಸ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಸಾಲ ಬಾಕಿಯಿದ್ದರೆ ಬ್ಯಾಂಕಿನ ಸಮ್ಮತಿಯೂ ಬೇಕು. ಇಲ್ಲಿಯ ತೆರಿಗೆಯನ್ನು ಕಟ್ಟಿ, ಉಳಿದ ಅವಧಿಯ ತೆರಿಗೆಯನ್ನು ಅಲ್ಲಿಂದ ಹಿಂದಕ್ಕೆ ಕೇಳಬೇಕು. ಕೇಳಬೇಕು ಎಂದೆನೇ ಹೊರತು ಕೂಡಲೇ ಸಿಗುತ್ತದೆ ಎನ್ನಲಿಲ್ಲ.

ನನ್ನಂತೆ ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರಿಗೆ 2021ರ ಸೆಪ್ಟೆಂಬರ್ 15ರಿಂದ ಬಂದಿರುವ ‘ಬಿ.ಎಚ್.’ ಎಂಬ ಭಾರತ ಶ್ರೇಣಿ ದೊಡ್ಡ ಅನುಕೂಲ. ಸೈನ್ಯದವರು, ಸರ್ಕಾರಿ ನೌಕರರು, ಸಾರ್ವಜನಿಕ ವಲಯದ ಸಂಸ್ಥೆಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳವರು ಇದನ್ನು ತಮ್ಮ ಸ್ವಂತದ ವಾಹನಕ್ಕೆ ಪಡೆಯಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಊರು ಬದಲಾದರೂ ಸಂಖ್ಯೆ ಬದಲಾಗದು. ಈ ಶ್ರೇಣಿಯಲ್ಲಿ ಸಂಖ್ಯೆ ಆರಂಭವಾಗುವುದು ನೋಂದಣಿಯ ವರ್ಷದಿಂದ. ಊರಿನ ಗುರುತೇ ಅದರಲ್ಲಿಲ್ಲ. ಉಡುಪಿಯ 20ನ್ನು ಕಂಡು ಹಾರ್ನ್ ಬಾರಿಸುವವರಿಗೆ ಅದೊಂದು ನಷ್ಟವೇ.

ಹೊಸ ವಾಹನವನ್ನು ಕೊಳ್ಳುವವರು ತಾತ್ಕಾಲಿಕ ನೋಂದಣಿಯ ದಿನಾಂಕವನ್ನು ಲಕ್ಷ್ಯದಲ್ಲಿಡಬೇಕು. ಮೆಚ್ಚಿನ ಸಂಖ್ಯೆ ಸಿಗಲೆಂದು ಕಾಯುತ್ತ, ತಾತ್ಕಾಲಿಕ ಸಂಖ್ಯೆಯ ಅವಧಿ ಮುಗಿದ ಮೇಲೆಯೂ ವಾಹನ ಓಡಿಸುವವರನ್ನು ಸಾಲದ ಮೇಜಿನ ಎದುರು ನಾನು ಕಂಡಿದ್ದೇನೆ. ತಾತ್ಕಾಲಿಕ ನೋಂದಣಿ ಮುಗಿದ ಕೆಲವೇ ದಿನಗಳಲ್ಲಿ ಜೋಧಪುರದಲ್ಲಿ ಕಳುವಾದ ವಾಹನವೊಂದರ ವಿಮಾ ಹಣವನ್ನು ಕೊಡಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿದೆ. ವಾಹನವೂ ಹೋಯಿತು, ವಿಮೆಯೂ ಹೋಯಿತು. ಸಾಲ ಮಾಡಿದ್ದರೆ ಕಂತು ಮಾತ್ರ ಉಳಿಯುತ್ತದೆ.

ಫಲಕ ಮುರಿದರೆ ಅಥವಾ ಕಳೆದರೆ ರೇಡಿಯಂ ಅಂಗಡಿಗೆ ಹೋಗುವ ಅಭ್ಯಾಸವನ್ನು ಬಿಡಬೇಕು. ಕಳೆದಿದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಡನೆ ಅಧಿಕೃತ ಸಂಸ್ಥೆಯಿಂದ ಬದಲಿ ಫಲಕವನ್ನು ತರಿಸಿಕೊಳ್ಳಬೇಕು. ಮುರಿದಿದ್ದರೆ ಹಳೆಯದನ್ನು ಅಲ್ಲಿಯೇ ಒಪ್ಪಿಸಬೇಕು. ಹಣ ಕಟ್ಟಿದ ರಸೀತಿಯನ್ನು ಹೊಸ ಫಲಕ ಬರುವವರೆಗೆ ವಾಹನದಲ್ಲಿಯೇ ಇಟ್ಟುಕೊಂಡಿದ್ದರೆ, ದಾರಿಯಲ್ಲಿ ಪೇದೆ ತಡೆದಾಗ ವಿವರಣೆ ಕೊಡುವ ಕೆಲಸ ಅರ್ಧ ಕಡಿಮೆಯಾಗುತ್ತದೆ.